ರೆಕ್ಕೆಯ ಬಗ್ಗೆ ಒಂದೇ ಸಾಲು ಯಾಕೆ?

ನಮಸ್ಕಾರ. ಗೋವಾದ ವಾಸ್ಕೋದಿಂದ ನೀವು ಕಳಿಸಿದ ‘ಹಿಮಗಡಲ ಚಿಟ್ಟೆಗಳು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿದ್ದಿ ಮತ್ತೆ ಕಳಿಸಲೇಬೇಕು, ಯಾಕೆಂದರೆ ಮುಂಬಯಿಯ ನಮ್ಮ ಪತ್ರಿಕೆಗೆ ಕವಿತೆ, ಪ್ರವಾಸ ಕಥನ ರಾಶಿ ಬರುತ್ತವೆ, ಕಡಲ ಜೀವಿಗಳ ಬಗ್ಗೆ ಬರೆಯುವವರು ತೀರಾ ಕಮ್ಮಿ.

ಮೊದಲ ಪುಟವಿಡೀ ಬೈನಾ ಬೀಚಿನ ಸೂರ್ಯಾಸ್ತ. ಅದನ್ನು ತೆಗೆದುಬಿಡಿ. ನಿಮ್ಮ ಚಿಟ್ಟೆ, ಅಂದರೆ ಲಿಮಾಸಿನಾ ಹೆಲಿಸಿನಾ ಎಂಬ ಚಿಪ್ಪಿನ ಪುಟ್ಟ ಕಡಲ ಬಸವನಹುಳು, ಇರುವುದು ಆರ್ಕ್ಟಿಕ್ ಕಡೆಯ ತಣ್ಣೀರಿನಲ್ಲಿ, ಅಲ್ಲಿಂದಲೇ ಶುರು ಮಾಡಿ.

‘ರೆಕ್ಕೆ ಬಡಿದು ಈಜುತ್ತದೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಯ್ಯೋ, ಲೇಖನದ ಜೀವ ಇರುವುದೇ ಅಲ್ಲಿ! ತೋಟದ ಬಸವನಹುಳು ಯಾವ ಪಾದದ ಮೇಲೆ ತೆವಳುತ್ತದೋ ಅದೇ ಪಾದ ಇಲ್ಲಿ ಎರಡು ರೆಕ್ಕೆಯಾಗಿದೆ. ಕೆಲವೇ ಮಿಲಿಮೀಟರ್ ಉದ್ದದ ಪ್ರಾಣಿ, ರೆಕ್ಕೆಯ ತುದಿಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸುತ್ತದೆ. ಹಣ್ಣಿನ ನೊಣ ಗಾಳಿಯಲ್ಲಿ ಹಾರುವುದೂ ಹೀಗೇ ಅಂತ 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಬಡಿಯುವುದು ನಿಲ್ಲಿಸಿದರೆ ಚಿಪ್ಪಿನ ಭಾರಕ್ಕೆ ಮುಳುಗುತ್ತದೆ. ಊಟದ ಹೊತ್ತಿಗೆ ಮಾತ್ರ ಬೇರೆ ಉಪಾಯ: ತನ್ನ ಮೈಗಿಂತ ಎಷ್ಟೋ ದೊಡ್ಡ ಲೋಳೆಯ ಬಲೆ ಬಿಟ್ಟು ಅದರ ಕೆಳಗೆ ಅಲ್ಲಾಡದೆ ತೂಗುತ್ತದೆ, ಪಾಚಿಯೋ ಸಣ್ಣ ಜೀವಿಯೋ ಅಂಟಿದಾಗ ಬಲೆ ಸಮೇತ ನುಂಗುತ್ತದೆ. ಯಾರಾದರೂ ಹತ್ತಿರ ಬಂದರೆ ಬಲೆ ಅಲ್ಲೇ ಬಿಟ್ಟು ಪರಾರಿ. ಇದಕ್ಕೆ ಎರಡು ಪ್ಯಾರಾ ಕೊಟ್ಟರೂ ಜಾಸ್ತಿಯಾಗುವುದಿಲ್ಲ.

ಒಂದು ದೊಡ್ಡ ತಪ್ಪಿದೆ. ಲಿಮಾಸಿನಾ ಹೆಣ್ಣು, ಕ್ಲಿಯೋನೆ ಅದರ ಗಂಡು ಅಂತ ಬರೆದಿದ್ದೀರಿ. ಅಲ್ಲ. ಲಿಮಾಸಿನಾ ಮೊದಲು ಗಂಡಾಗಿದ್ದು ಆಮೇಲೆ ತಾನೇ ಹೆಣ್ಣಾಗುತ್ತದೆ. ಕ್ಲಿಯೋನೆ ಬೇರೆಯೇ ಜಾತಿ, ಮರಿಯಾಗಿದ್ದಾಗಲೇ ಚಿಪ್ಪು ಕಳಚಿಕೊಂಡಿರುತ್ತದೆ, ಮತ್ತು ಅದು ಲಿಮಾಸಿನಾವನ್ನೇ ತಿಂದು ಬದುಕುತ್ತದೆ. ತಲೆಯಿಂದ ಆರು ತೋಳು ಹೊರಚಾಚಿ ಚಿಪ್ಪನ್ನು ಹಿಡಿದು, ಚಿಪ್ಪಿನ ಬಾಯಿ ತನ್ನ ಕಡೆ ಬರುವಂತೆ ತಿರುಗಿಸಿ, ಕೊಕ್ಕೆ ಹಾಕಿ ಒಳಗಿನ ಮೈಯನ್ನು ಇಡಿಯಾಗಿ ಎಳೆದುಕೊಳ್ಳುತ್ತದೆ. ಓದುವವರಿಗೆ ಇದು ಕಾಣಬೇಕು ಅಲ್ವಾ?

ಕೊನೆಯಲ್ಲಿ ‘ಭೂತಾಯಿ ಅಳುತ್ತಿದ್ದಾಳೆ’ ಬೇಡ. ಸಮುದ್ರ ಆಮ್ಲವಾಗಿದೆ ಅಂತಲೂ ಬರೆಯಬೇಡಿ. ಮೇಲ್ಪದರದ ಪಿಎಚ್ (ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಈಗಲೂ ಅದು ಕ್ಷಾರವೇ. ಆದರೆ ತಣ್ಣೀರು ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೀರುತ್ತದೆ, ಪಿಎಚ್ ಇಳಿಯುವುದು ಅದರಿಂದಲೇ, ಮತ್ತು ಈ ಹುಳುವಿನ ಚಿಪ್ಪು ಅಂಥ ನೀರಿನಲ್ಲಿ ಬೇಗ ಕರಗುವ ಅರಗೊನೈಟ್ ಎಂಬ ಸುಣ್ಣದ ಖನಿಜದ್ದು. ದಕ್ಷಿಣ ಮಹಾಸಾಗರದಲ್ಲಿ 2008ರಲ್ಲಿ ಹಿಡಿದ, ಇದರದೇ ಬಳಗದ ಜೀವಂತ ಹುಳುಗಳ ಚಿಪ್ಪು ಆಗಲೇ ಸವೆದಿತ್ತು. ಇಷ್ಟು ಹೇಳಿದರೆ ಸಾಕು.

ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಿಮ್ಮೂರಲ್ಲೇ ಇದೆ. ಕಳಿಸುವ ಮೊದಲು ಅಲ್ಲಿ ಯಾರಿಗಾದರೂ ಒಮ್ಮೆ ತೋರಿಸಿ.