ಅನಬೀನಾ 7120ರಲ್ಲಿ 48 ಗಂಟೆಯಾದರೂ ಹೆಟಿರೋಸಿಸ್ಟ್ ಇಲ್ಲ: ಹೆಟ್‌ಆರ್ ಜೀನ್ ಕೆಟ್ಟಿದೆಯೇ?

ತಂತುವಾಗಿ ಬೆಳೆಯುವ ಸೈನೋಬ್ಯಾಕ್ಟೀರಿಯಾ ಅನಬೀನಾ 7120 ಅನ್ನು ಒಂದೇ ಸಲ ತೊಳೆದು ನೈಟ್ರೇಟ್ ಇಲ್ಲದ ಮೀಡಿಯಂಗೆ (ಬೆಳೆಸುವ ದ್ರಾವಣಕ್ಕೆ) ಹಾಕಿದ್ದೀರಿ. ಹೆಟಿರೋಸಿಸ್ಟ್, ಅಂದರೆ ಗಾಳಿಯ ಸಾರಜನಕ ಹಿಡಿಯುವ ವಿಶೇಷ ಕೋಶ, ಹುಟ್ಟಲಿಲ್ಲ; ಅದನ್ನು ಹುಟ್ಟಿಸುವ ಹೆಟ್‌ಆರ್ ಜೀನ್ ಕೆಟ್ಟಿದೆಯೇ ಅಂತ ಕೇಳಿದ್ದೀರಿ. ಜೀನ್ ಮೇಲೆ ಈಗಲೇ ಅನುಮಾನ ಬೇಡ. ಬಹುಶಃ ಹಳೇ ಮೀಡಿಯಂನ ನೈಟ್ರೇಟ್ ಇನ್ನೂ ಉಳಿದಿದೆ. ಇವನ್ನು ಸಾಮಾನ್ಯವಾಗಿ ಬೆಳೆಸುವ ಬಿಜಿ-11 ಮೀಡಿಯಂನಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತೆ. ಒಂದು ಸಲ ತೊಳೆದರೆ ಸಾಲದು. ಸಾರಜನಕದ ಕೊರತೆಯಾದಾಗ ಜೀವಕೋಶದೊಳಗೆ 2-ಆಕ್ಸೋಗ್ಲುಟರೇಟ್ ಎಂಬ ಅಣುವಿನ ಪ್ರಮಾಣ ಏರಬೇಕು, ಅದು ಕೊರತೆಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಟಿಸಿಎ ಪ್ರೋಟೀನನ್ನು ಎಬ್ಬಿಸಬೇಕು, ಆಮೇಲೇ ಹೆಟ್‌ಆರ್ ಸರದಿ. ನೈಟ್ರೇಟ್ ಸಿಗುತ್ತಿದ್ದರೆ ಈ ಸರಪಳಿ ಶುರುವಾಗೋದೇ ಇಲ್ಲ.

ನೈಟ್ರೇಟ್ ಇಲ್ಲದ ಮೀಡಿಯಂನಲ್ಲಿ ಮೂರು ಸಲ ತೊಳೆಯಿರಿ. ಸೆಂಟ್ರಿಫ್ಯೂಜ್ ನಿಧಾನಕ್ಕಿರಲಿ, ಜೋರು ಮಾಡಿದರೆ ತಂತುಗಳು ತುಂಡಾಗುತ್ತವೆ. ಫೆರಿಕ್ ಅಮೋನಿಯಂ ಸಿಟ್ರೇಟ್ ಬದಲು ಫೆರಿಕ್ ಸಿಟ್ರೇಟ್ ಹಾಕಿ, ಅಮೋನಿಯಂ ಕೂಡ ಸಾರಜನಕವೇ. ಫ್ಲಾಸ್ಕ್‌ಗಳನ್ನು ಕೊನೇ ಸಲ ಡಿಸ್ಟಿಲ್ಡ್ ವಾಟರಿನಲ್ಲೇ ಜಾಲಿಸಿ. ಬೆಂಗಳೂರಿನ ಎಷ್ಟೋ ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇದೆ, ನಾನು ಇದರಲ್ಲೇ ಎರಡು ವಾರ ಕಳಕೊಂಡೆ.

ಆಮೇಲೆ ಬಣ್ಣ ನೋಡಿ. ನೀಲಿ-ಹಸಿರು ಹಾಗೇ ಉಳಿದರೆ ಸಾರಜನಕ ಎಲ್ಲಿಂದಲೋ ಸಿಗುತ್ತಿದೆ. ಹಳದಿಗೆ ತಿರುಗಿದರೆ ಹಸಿವು ನಿಜ, ನೀಲಿ ಬಣ್ಣ ಕೊಡುವ ಫೈಕೋಬಿಲಿಪ್ರೋಟೀನನ್ನೇ ಕರಗಿಸಿಕೊಂಡು ತಿನ್ನುತ್ತಿವೆ. ಸುಮಾರು 24 ಗಂಟೆಗೆ ಹತ್ತಿಪ್ಪತ್ತು ಕೋಶಕ್ಕೊಂದರಂತೆ ದಪ್ಪಗೋಡೆಯ, ಮಂಕು ಬಣ್ಣದ ಕೋಶ, ಅಂದರೆ ಹೆಟಿರೋಸಿಸ್ಟ್, ಕಾಣಬೇಕು. ಆಲ್ಸಿಯನ್ ಬ್ಲೂ ಎಂಬ ಬಣ್ಣ ಹಾಕಿ, ಗೋಡೆ ನೀಲಿಯಾಗಿ ಎದ್ದು ಕಾಣುತ್ತೆ.

ಹಳದಿಯಾಗಿಯೂ ಒಂದೂ ಹುಟ್ಟದಿದ್ದರೆ ಮಾತ್ರ ನಿಮ್ಮ ಅನುಮಾನಕ್ಕೆ ಬೆಲೆ. ವರ್ಷಗಟ್ಟಲೆ ನೈಟ್ರೇಟಿನಲ್ಲೇ ಬೆಳೆಸಿದ ತಳಿಯಲ್ಲಿ ಇಂಥ ಮ್ಯುಟೇಷನ್ ಸದ್ದಿಲ್ಲದೆ ಉಳಿದುಬಿಡಬಹುದು. ಆಗ ಫ್ರೀಜರಿನ ಹಳೇ ಸ್ಟಾಕ್ ಪಕ್ಕದಲ್ಲಿಟ್ಟು ಬೆಳೆಸಿ, ಹೆಟ್‌ಆರ್ ಮತ್ತು ಎನ್‌ಟಿಸಿಎ ಎರಡನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಿ.