ಕಾಯಬೇಕು, ಆದರೆ ಸುಮ್ನೆ ಕೂತು ಅಲ್ಲ
ನಿಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಗಾಯಗೊಂಡ ಸ್ಟಾರ್‌ಗಾಗಿ ಕಾಯಬೇಕಾ, ಬೇರೆ ತಂಡಕ್ಕೆ ಟ್ರೇಡ್ ಮಾಡಬೇಕಾ ಅಂತ ಕೇಳಿದ್ದೀರಲ್ವಾ? ನಾನಾದರೆ ಕಾಯುತ್ತೇನೆ. ಆಗ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಲ್ಲಿದ್ದ ಕ್ಲೇ ಥಾಂಪ್ಸನ್ ನೋಡಿ. 2019ರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನಲ್ಲಿ ಎಡ ಮೊಣಕಾಲಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿದಾಗಲೂ ಅಂಕಣಕ್ಕೆ ವಾಪಸ್ ಬಂದು ಎರಡು ಫ್ರೀ ಥ್ರೋ ಹಾಕಿದರು. ಮರುವರ್ಷ ಬಲಗಾಲಿನ ಅಕಿಲಿಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿಯಿತು. ಹಾಗಿದ್ದೂ ತಂಡ ಕೈಬಿಡಲಿಲ್ಲ. ಮೊದಲ ಗಾಯವಾಗಿ 941 ದಿನಗಳ ನಂತರ, 2022ರ ಜನವರಿ 9ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಆಡಿ 17 ಪಾಯಿಂಟ್ ಗಳಿಸಿದರು, ಅದರಲ್ಲೊಂದು ಡಂಕ್ (ಎಗರಿ ಚೆಂಡನ್ನು ನೇರ ಬುಟ್ಟಿಗೆ ತುರುಕೋದು) ಹೊಡೆದಾಗ ನನ್ನ ಕಣ್ಣು ತುಂಬಿ ಬಂತು. ಆ ದಿನ ಆಡಿಸಿದ್ದು ಸುಮಾರು 20 ನಿಮಿಷ ಮಾತ್ರ. ಅವರಿಲ್ಲದಾಗ ತಂಡದ ಯುವ ಆಟಗಾರ ಜೋರ್ಡನ್ ಪೂಲ್ ಬೆಳೆದಿದ್ದರು, ಹಾಗಾಗಿ ಅವಸರ ಇರಲಿಲ್ಲ. ಜೂನ್‌ನಲ್ಲಿ ಕಪ್ ಬಂತು. ಥಾಂಪ್ಸನ್‌ರ ಹಳೆಯ ಡಿಫೆನ್ಸ್ ಮಾತ್ರ ಪೂರ್ತಿ ಮರಳಲಿಲ್ಲ, ಅದಕ್ಕೇ ನಿಮ್ಮ ತಂಡವೂ ಡಿಫೆನ್ಸ್‌ಗೆ ಇನ್ನೊಬ್ಬರನ್ನು ಈಗಲೇ ಹುಡುಕಿಕೊಳ್ಳಬೇಕು.