ಏನು ನೋಡಿದಿರಿ ಎಂದು ಯಾರೂ ಕೇಳಲಿಲ್ಲ

ಕೆಲಸದ ಜಾಗದಲ್ಲಿ ನಡೆದ ಅಕ್ರಮವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ನಿದ್ರೆ ಕಳೆದುಕೊಂಡು ಬರುವವರನ್ನು ಆಪ್ತಸಲಹೆಗಾರ್ತಿಯಾದ ನಾನು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬರ ಪ್ರಕರಣವನ್ನು ಬರೆಯುತ್ತಿದ್ದೇನೆ.

ಇವರು ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಒಂದು ಬ್ಯಾಚಿನ ಮಾತ್ರೆಗಳು ಪರೀಕ್ಷೆಯಲ್ಲಿ ಫೇಲಾದಾಗ ಆ ಫಲಿತಾಂಶವನ್ನು ಕಂಪ್ಯೂಟರಿನಿಂದ ಅಳಿಸಿ, ಬೇರೆ ಸ್ಯಾಂಪಲ್ಲಿನದನ್ನು ಹಿಂದಿನ ತಾರೀಖು ಹಾಕಿ ಲಾಗ್‌ಬುಕ್ಕಿನಲ್ಲಿ ಬರೆದದ್ದನ್ನು ಕಂಡು, ಮ್ಯಾನೇಜರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದರು. ಕೆಲವೇ ದಿನಗಳಲ್ಲಿ ಅವರನ್ನು ಸ್ಟೋರ್ಸ್‌ಗೆ, ಅದೂ ರಾತ್ರಿ ಪಾಳಿಗೆ ಹಾಕಲಾಯಿತು. ಕ್ಯಾಂಟೀನಿನಲ್ಲಿ ಜೊತೆಗೆ ಕೂರುತ್ತಿದ್ದವರು ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗತೊಡಗಿದರು.

ಮೊದಮೊದಲು ಅವರು ನಿದ್ರೆಯ ಮಾತನ್ನಷ್ಟೇ ಆಡುತ್ತಿದ್ದರು. ಒಂದು ದಿನ ಎಚ್.ಆರ್. ವಿಭಾಗದವರು ಕರೆಸಿಕೊಂಡದ್ದನ್ನು ಹೇಳಿದರು: “ಯಾರ್ಯಾರಿಗೆ ಹೇಳಿದ್ದೀರಿ, ಫೋಟೋ ತೆಗೆದಿದ್ದೀರಾ, ಮನೇಲಿ ಗೊತ್ತಾ ಅಂತೆಲ್ಲ ಕೇಳಿದರು ಮೇಡಂ. ಏನು ನೋಡಿದಿರಿ ಅಂತ ಒಬ್ಬರೂ ಕೇಳಲಿಲ್ಲ. ಅದು ಬಿ.ಪಿ. ಮಾತ್ರೆ. ನಮ್ಮಮ್ಮನೂ ಅಂಥದ್ದನ್ನೇ ತಗೊಳ್ತಾರೆ.”

ಆ ಪ್ರಶ್ನೆಯನ್ನು ನಾನು ಕೇಳಿದೆ. ಹಾಳೆಯೊಂದನ್ನು ಕೊಟ್ಟು, ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಬೇರೆಯವರಿಂದ ಕೇಳಿದ್ದನ್ನು ಇನ್ನೊಂದು ಕಡೆ ತಾರೀಖಿನ ಸಮೇತ ಬರೆಯಲು ಹೇಳಿದೆ. ಬರೆದು ಮುಗಿಸುವ ಹೊತ್ತಿಗೆ ಅವರ ದನಿ ಗಟ್ಟಿಯಾಗಿತ್ತು. ನಂತರ ಅವರ ಮೊಬೈಲಿನಲ್ಲೇ ಕಂಪನಿಯ ವೆಬ್‌ಸೈಟ್ ತೆರೆದು ಹುಡುಕಿದಾಗ, ಪುಟದ ತೀರಾ ಕೆಳಗೆ ವಿಸಲ್‌ಬ್ಲೋವರ್ ಪಾಲಿಸಿ, ಅಂದರೆ ಒಳಗಿನ ಅಕ್ರಮವನ್ನು ಬಾಯಿಬಿಟ್ಟು ಹೇಳುವವರಿಗಾಗಿ ಇರುವ ನಿಯಮಾವಳಿ, ಸಿಕ್ಕಿತು. 2013ರ ಕಂಪನಿ ಕಾಯ್ದೆಯ 177ನೇ ಕಲಮಿನ ಪ್ರಕಾರ ಷೇರುಪೇಟೆಯಲ್ಲಿ ನೋಂದಾದ ಕಂಪನಿಗಳೂ, ಸಾರ್ವಜನಿಕರಿಂದ ಠೇವಣಿ ಪಡೆದವೂ, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಮಾಡಿದವೂ ಇಂಥ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು. ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ಅದರಲ್ಲಿ ರಕ್ಷಣೆ ಇರಬೇಕು. ವಿಶೇಷ ಸಂದರ್ಭದಲ್ಲಿ ಆಡಿಟ್ ಸಮಿತಿಯ (ಲೆಕ್ಕಪತ್ರಗಳ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿ) ಅಧ್ಯಕ್ಷರನ್ನೇ ನೇರವಾಗಿ ಸಂಪರ್ಕಿಸಲು ಅವಕಾಶವಿರಬೇಕು.

ನಾನು ಕೊಟ್ಟ ಸಲಹೆ ಇಷ್ಟು: ರಾಜೀನಾಮೆ ಕೊಡಬೇಡಿ, ಕಂಪನಿಯ ಕಾಗದಪತ್ರಗಳನ್ನು ಮನೆಗೆ ತರಬೇಡಿ, ವಕೀಲರೊಬ್ಬರಿಗೆ ತೋರಿಸಿ ಆ ಅಧ್ಯಕ್ಷರಿಗೆ ಲಿಖಿತ ದೂರು ಕೊಡಿ, ವರ್ಗಾವಣೆ ಯಾವಾಗ ಆಯಿತೆಂಬುದನ್ನೂ ಅದರಲ್ಲಿ ಸೇರಿಸಿ. ಆಪ್ತಸಲಹೆಗಾರರಿಗೆ ಕಾನೂನಿನ ಉಸಾಬರಿ ಏಕೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ನಿದ್ರೆ ಕೆಡಿಸಿದ ಕಾರಣ ಕಾರ್ಖಾನೆಯಲ್ಲಿರುವಾಗ, ದೋಷ ನಿಮ್ಮ ಮನಸ್ಸಿನದು ಎಂಬಂತೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳಿಸುವುದು ಅವರನ್ನು ಎರಡನೇ ಸಲ ಬಾಯಿಮುಚ್ಚಿಸಿದಂತೆ ಎಂದೇ ನಾನು ನಂಬುತ್ತೇನೆ.

ಕಾನೂನಿನ ಆಸರೆ ದೊಡ್ಡದು ಎಂಬ ಭ್ರಮೆಯನ್ನು ನಾನು ಅವರಲ್ಲಿ ಹುಟ್ಟಿಸಲಿಲ್ಲ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಾರ್ಯಾಲಯಕ್ಕೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೋರಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದ ಮೇಲೆ ಎದ್ದ ಕೂಗಿನಿಂದ ಮುಂದೆ ಅಕ್ರಮ ಬಯಲಿಗೆ ತರುವವರ ರಕ್ಷಣೆಗೆಂದು 2014ರ ಕಾಯ್ದೆ ಬಂತು. ಅದು ಸರ್ಕಾರಿ ನೌಕರರ ವಿರುದ್ಧದ ದೂರುಗಳಿಗಷ್ಟೇ ಸೀಮಿತ, ಅದನ್ನೂ ಜಾರಿಗೆ ತಂದಿಲ್ಲ. ಹೀಗಾಗಿ ಖಾಸಗಿ ನೌಕರರ ರಕ್ಷಣೆ ಬಹುಮಟ್ಟಿಗೆ ಮಾಲೀಕರ ನಡವಳಿಕೆಯನ್ನೇ ಅವಲಂಬಿಸಿದೆ. ದೂರು ಬಂದ ಕೂಡಲೇ ಸ್ವೀಕೃತಿ ಕೊಡಬೇಕು, ಹೆಸರು ತನಿಖೆ ಮಾಡುವವರನ್ನು ದಾಟಿ ಹೋಗಬಾರದು, ಆರೋಪಕ್ಕೆ ಒಳಗಾದವರ ಕೈಗೇ ತನಿಖೆ ಕೊಡಬಾರದು, ಅದು ಮುಗಿಯುವವರೆಗೆ ದೂರುದಾರರ ವರ್ಗಾವಣೆ ತಡೆಯಬೇಕು, ಕೊನೆಗೆ ಏನಾಯಿತೆಂದು ಅವರಿಗೂ ತಿಳಿಸಬೇಕು. ಆರೋಪ ಸಾಬೀತಾಗದಿದ್ದರೂ, ಪ್ರಾಮಾಣಿಕವಾಗಿ ಹೇಳಿದವರನ್ನು ದಂಡಿಸಬಾರದು.

ಇವರ ದೂರಿಗೆ ಸ್ವೀಕೃತಿ ಬಂದಿದೆ, ರಾತ್ರಿ ಪಾಳಿ ರದ್ದಾಗಿದೆ, ತನಿಖೆ ಇನ್ನೂ ನಡೆಯುತ್ತಿದೆ. ಈ ವ್ಯವಸ್ಥೆಯೇ ಇಲ್ಲದ ಸಣ್ಣ ಔಷಧ ಕಂಪನಿಗಳಲ್ಲಿ ಇರುವವರು, ವಕೀಲರ ಸಲಹೆ ಪಡೆದು, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಬಹುದು.